ಎಂಟು ಕೋಣೆ, ಒಂದು ಮಾಳಿಗೆ

ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರ ಕಟ್ಟುತ್ತಿದ್ದ ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ರಾಯಚೂರಿನಲ್ಲಿ ಸರ್ಕಾರಿ ವಿಸ್ತರಣಾಧಿಕಾರಿಯಾಗಿದ್ದೆ. ಪ್ರವಾಸಿಗರು ಊರಲ್ಲಿ ಒಂದು ರಾತ್ರಿಯಾದರೂ ತಂಗಲಿ ಎಂದು ಹೋಟೆಲ್ ಕಟ್ಟುವವರಿಗೆ ಸಬ್ಸಿಡಿ, ಅಂದರೆ ಕಟ್ಟಡದ ಖರ್ಚಿನ ಒಂದು ಪಾಲನ್ನು ಸರ್ಕಾರವೇ ಕೊಡುವ ಯೋಜನೆ ಬಂದಿತ್ತು. ಕಟ್ಟಡ ನೋಡಿ ವರದಿ ಬರೆಯುವುದು ನನ್ನ ಕೆಲಸ. ಕೋಟೆ ನೋಡಲು ಬಂದವರು, ಮಂತ್ರಾಲಯಕ್ಕೆ ಹೋಗುವವರು ಸ್ಟೇಷನ್ನಿನಲ್ಲೇ ಚಾದರ ಹಾಸಿ ಮಲಗಿ ಬೆಳಿಗ್ಗೆ ಊರು ಬಿಡುತ್ತಿದ್ದ ಕಾಲ ಅದು.

ನನ್ನ ಕೈಗೆ ಬಂದ ಮೊದಲ ಅರ್ಜಿ ಶರಣಮ್ಮನವರದು. ಮಾನ್ವಿ ತಾಲೂಕಿನ ಚೀಕಲಪರ್ವಿಯವರು. ಗಂಡ ತೀರಿದ ಮೇಲೆ ಸ್ಟೇಷನ್ ರಸ್ತೆಯಲ್ಲಿ ಖಾನಾವಳಿ ನಡೆಸಿ ಹೆಸರು ಮಾಡಿದ್ದರು. ಊರಿನ ಹೊಲ ಮಾರಿ, ಸಾಲವನ್ನೂ ಮಾಡಿ ಖಾನಾವಳಿಯ ಮೇಲೆ ಲಾಡ್ಜ್ ಕಟ್ಟಿಸಿದ್ದರು. ಸಬ್ಸಿಡಿ ಸಿಗದಿದ್ದರೆ ಕಟ್ಟಡ ಕೈಬಿಟ್ಟು ಹೋಗುತ್ತಿತ್ತು. ಅದನ್ನು ಗೋದಾಮು ಮಾಡಿಕೊಳ್ಳಲು ಪಕ್ಕದ ರೈಸ್ ಮಿಲ್ಲಿನ ಮಾಲೀಕರು ಕಾದು ಕೂತಿದ್ದರು.

ನಿಯಮಕ್ಕೆ ಹನ್ನೆರಡು ಕೋಣೆ ಬೇಕು. ಎಣಿಸಿದರೆ ಎಂಟೇ. ಉಳಿದ ದುಡ್ಡನ್ನೆಲ್ಲ ಆಕೆ ಮಾಳಿಗೆಗೆ, ಅಂದರೆ ಮೇಲಿನ ಬಯಲು ತಾರಸಿಗೆ, ಸುರಿದಿದ್ದರು. ಅಗಲವಾದ ಮೆಟ್ಟಿಲು, ಎದೆಮಟ್ಟದ ಗೋಡೆ, ನೀರಿನ ತೊಟ್ಟಿ, ಹೆಂಗಸರಿಗೆ ಬೇರೆ ಮರೆ, ಮಲಗಲು ಸಾಲಾಗಿ ಹಗ್ಗದ ಹೊರಸುಗಳು.

"ಅವ್ವಾ, ನಾಕು ಕೋಣಿ ಕಮ್ಮಿ ಬಿದ್ದಾವಲ್ರಿ" ಎಂದೆ.

"ಬ್ಯಾಸಗ್ಯಾಗ ನಮ್ಮೂರಾಗ ಒಳಗ ಯಾರ ಮಲಗ್ತಾರ್ರೀ ಸಾಹೇಬರ? ನೀವು ಮಲಗ್ತೀರೇನು?" ಎಂದು ಆಕೆ ನನ್ನನ್ನೇ ಕೇಳಿದರು.

ನನಗೆ ನಾಚಿಕೆಯಾಯಿತು. ಹುಟ್ಟಿದಾಗಿನಿಂದ ಬೇಸಿಗೆಯಲ್ಲಿ ಸೂರಿನ ಕೆಳಗೆ ಮಲಗಿದವನಲ್ಲ ನಾನು. ಸಂಜೆ ಮಾಳಿಗೆಗೆ ನೀರು ಹೊಡೆದು, ಕಾವಾರಿದ ಮೇಲೆ ಹಾಸಿಗೆ ಹಾಕುವುದು ನಮ್ಮ ಮನೆಯಲ್ಲೂ ನಿತ್ಯದ ಕೆಲಸ. ಆದರೂ ಫಾರಂ ಕೈಗೆ ಬಂದೊಡನೆ ಬರೀ ಕೋಣೆ ಎಣಿಸಿದ್ದೆ. "ಎಂಟು ಕೋಣೆ, ಒಂದು ಮಾಳಿಗೆ, ಸಬ್ಸಿಡಿಗೆ ಅರ್ಹ" ಎಂದು ವರದಿ ಬರೆದೆ.

ಬೆಂಗಳೂರಿನಿಂದ ಕಡತ ವಾಪಸ್ ಬಂತು. ಮಾಳಿಗೆ ಕೋಣೆಯಲ್ಲ, ವರದಿ ತಿದ್ದಿ ಕಳಿಸಿ ಎಂದಿತ್ತು. ನನಗೆ ಪಿತ್ತ ನೆತ್ತಿಗೇರಿತು. ತಿದ್ದಲಿಲ್ಲ; ಕೆಳಗೆ ಇನ್ನೊಂದು ಸಾಲು ಸೇರಿಸಿದೆ: "ಮೇ ತಿಂಗಳಲ್ಲಿ ಈ ಕೋಣೆಯಲ್ಲಿ ಒಂದು ರಾತ್ರಿ ಮಲಗಿ ನೋಡಿ, ಆಮೇಲೆ ಆದೇಶ ಮಾಡಬೇಕಾಗಿ ವಿನಂತಿ." ನಮ್ಮ ಹೆಡ್ ಕ್ಲರ್ಕ್ ಓದಿ ಹಣೆ ಚಚ್ಚಿಕೊಂಡರು. "ಸುಮ್ನ ಕೂಡೂದು ಬಿಟ್ಟು ಆ ಮೂಲ್ಯಾಗಿನ ದೇವದುರ್ಗಕ್ಕ ವರ್ಗ ಮಾಡಿಸ್ಕೊಳ್ಳಾಕತ್ತೀರಿ ನೋಡ್ರಿ" ಎಂದರು. ಅಶಿಸ್ತಿಗೆ ಸಮಜಾಯಿಷಿ ಕೇಳಿ ಮೆಮೊ ಬಂತು. ಬರೆದದ್ದು ಸರಿಯಾಗಿಯೇ ಇದೆ ಎಂದು ಅದಕ್ಕೂ ಉತ್ತರ ಕೊಟ್ಟೆ.

ಕೊನೆಗೆ ಮೇ ತಿಂಗಳಲ್ಲಿ, ಕಡತ ವಾಪಸ್ ಕಳಿಸಿದ್ದ ಜಂಟಿ ನಿರ್ದೇಶಕರೇ ಬೆಂಗಳೂರಿನಿಂದ ಬಂದರು. ಅವರೂ ಹಟದಲ್ಲಿ ನನಗಿಂತ ಏನೂ ಕಮ್ಮಿ ಇರಲಿಲ್ಲ. "ಮಲಗಿಯೇ ತೋರಿಸ್ತೀನಿ ಕಣ್ರೀ. ಬೆಳಿಗ್ಗೆ ಬನ್ನಿ, ನಿಮ್ಮ ವರದೀನ ನೀವೇ ಹರಿದು ಹಾಕೋರಂತೆ" ಎಂದು ಶರಣಮ್ಮನವರ ಲಾಡ್ಜಿನ ಒಳ್ಳೆಯ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡರು.

ಬೆಳಿಗ್ಗೆ ಹೋದೆ. ಬಾಗಿಲು ತೆರೆದಿತ್ತು. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಸಾಹೇಬರಿಲ್ಲ, ಮಂಚದ ಮೇಲೆ ಹಾಸಿಗೆಯೂ ಇಲ್ಲ. ಮಾಳಿಗೆಗೆ ಓಡಿದೆ. ಮಂತ್ರಾಲಯದ ಯಾತ್ರಿಕರ ಸಾಲಿನಲ್ಲಿ, ಕೊನೆಯ ಹೊರಸಿನ ಮೇಲೆ, ಒದ್ದೆ ಮಾಡಿದ ಪಂಚೆ ಹೊದ್ದು ಅವರು ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಲು ಹೋದರೆ ಚಹಾ ತಂದಿದ್ದ ಶರಣಮ್ಮ ತಡೆದರು.

"ಬ್ಯಾಡ್ರಿ. ಬಿಸಲು ಬೀಳೂತನಕ ಮಲಗಲಿ. ಈಗ ನಿದ್ದಿ ಹತ್ತೇದ ಅವರಿಗೆ."

ಎದ್ದ ಸಾಹೇಬರು ನನ್ನ ಮುಖ ನೋಡಲಿಲ್ಲ. ಚಹಾ ಕುಡಿದು, ಹೊರಸಿನ ಮೇಲೆ ಕೂತೇ ಕಡತ ತರಿಸಿದರು. "ಮಾಳಿಗೆಯನ್ನು ನಾಲ್ಕು ಕೋಣೆಗೆ ಸಮವೆಂದು ಪರಿಗಣಿಸಿದೆ" ಎಂದು ಬರೆದು ಸಹಿ ಹಾಕಿದರು. ಶರಣಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಕೆಳಗೆ ರೊಟ್ಟಿ ಬಡಿಯಲು ಹೋದರು. ನನ್ನ ಮೆಮೊ ಮಾತ್ರ ರದ್ದಾಗಲಿಲ್ಲ. ಮುಂದಿನ ತಿಂಗಳೇ, ಹೆಡ್ ಕ್ಲರ್ಕ್ ಹೇಳಿದಂತೆ, ದೇವದುರ್ಗಕ್ಕೆ ವರ್ಗವಾಯಿತು.

ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಹೊರಗಿನವರು ಒಂದು ಊರಲ್ಲಿ ತಂಗಬೇಕೆಂದರೆ, ಆ ಊರಿನವರು ಹೇಗೆ ಬದುಕುತ್ತಾರೆಂದು ಮೊದಲು ಕೇಳಬೇಕು. ಫಾರಂನಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ಅಂಚಿನಲ್ಲಾದರೂ ಬರೆಯಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟೇ.

ದೇವದುರ್ಗದಲ್ಲಿ ನನಗೆ ಕೊಟ್ಟ ಕ್ವಾರ್ಟರ್ಸಿಗೆ ಮಾಳಿಗೆ ಹತ್ತಲು ಮೆಟ್ಟಿಲೇ ಇರಲಿಲ್ಲ. ಹಾಜರಾದ ದಿನವೇ ಬೆಂಗಳೂರಿಗೆ ಬರೆದೆ: ಏಣಿ ಬೇಕು.