ಅಂಕಲ್ ಬಾಕಿ ಇಟ್ಟ ಶನಿವಾರ

ಅಂಕಲ್ ಕೂತಾಗಲೂ ಅವರ ಬಲಗಾಲು ಕೂರುತ್ತಿರಲಿಲ್ಲ. ಹಿಮ್ಮಡಿ ನೆಲಕ್ಕೆ ತಾಗುವುದು, ಏಳುವುದು, ಮತ್ತೆ ತಾಗುವುದು. ಮೊಣಕಾಲ ಮೇಲಿಟ್ಟ ಲೋಟದಲ್ಲಿ ಟೀ ಕುಲುಕುತ್ತಲೇ ಇರುತ್ತಿತ್ತು. ಸಿಡ್ನಿಯ ಗಿರಾವೀನ್ ಬಡಾವಣೆಯ ಅವರ ಮನೆಯ ಹಿಂದಿನ ಮರದ ಮೆಟ್ಟಿಲಲ್ಲಿ ಆ ಹಿಮ್ಮಡಿ ತಾಗುವ ಜಾಗದ ಬಣ್ಣ ಎದ್ದುಹೋಗಿತ್ತು. ಊರಿನಿಂದ ಬಂದಿದ್ದ ನನ್ನಮ್ಮ ಕೆಲವು ದಿನ ತಡೆದುಕೊಂಡಳು. ಕೊನೆಗೆ ಬೇಲಿಯ ಬಳಿ ನಿಂತು, ಕಾಲು ಕುಣಿಸಬಾರದು, ಮನೆಗೆ ದರಿದ್ರ ಎಂದು ಕೈಸನ್ನೆಯಲ್ಲೇ ಬುದ್ಧಿ ಹೇಳಿದಳು. ಅಂಕಲ್ ಕೈಮುಗಿದು ಕಾಲು ನಿಲ್ಲಿಸಿದರು. ಅಮ್ಮ ಬೆನ್ನು ತಿರುಗಿಸುವಷ್ಟರಲ್ಲಿ ಅದು ಮತ್ತೆ ಶುರುವಾಗಿತ್ತು.

ಅವರು ನಮ್ಮ ಪಕ್ಕದ ಮನೆಯವರು. ಕೆರೀಬಿಯನ್ ಸಮುದ್ರದ ಸೇಂಟ್ ಲೂಸಿಯಾ ಎಂಬ ಪುಟ್ಟ ದ್ವೀಪದಲ್ಲಿ, ಗುಡ್ಡದ ಮೇಲಿನ ಬೇಸಾಯದ ಹಳ್ಳಿಯೊಂದರಲ್ಲಿ ಹುಟ್ಟಿದವರು. ಹರೆಯದಲ್ಲಿ ಹಡಗು ಹತ್ತಿ, ಇಂಗ್ಲೆಂಡಿನಲ್ಲಿ ಅಲ್ಲಿ ಇಲ್ಲಿ ದುಡಿದು, ಆಮೇಲೆ ಸಿಡ್ನಿಯ ರೈಲ್ವೆ ಯಾರ್ಡಿಗೆ ಸೇರಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಮಗ ಪರ್ತ್‌ನಲ್ಲಿದ್ದ. ಎಂಬತ್ತರ ಹತ್ತಿರದ, ಎತ್ತರದ, ಬೆನ್ನು ಬಾಗದ ಆ ಮನುಷ್ಯನನ್ನು ನಮ್ಮ ಬೀದಿಯ ಭಾರತೀಯರೆಲ್ಲ ಅಂಕಲ್ ಎಂದೇ ಕರೆಯುತ್ತಿದ್ದೆವು. ಅವರ ಇಂಗ್ಲಿಷ್ ಎಳೆದು ಎಳೆದು ಬರುತ್ತಿತ್ತು. ಮೊದಮೊದಲು ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ತಿಳಿಯತೊಡಗಿದ ಮೇಲೆ ಅದು ನನ್ನ ಕಿವಿಗೆ ನಮ್ಮ ಉಡುಪಿ ಕಡೆಯ ಮಾತಾಗಿಯೇ ಕೇಳಿಸಿತು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ, ಬೇರೆ ರೀತಿ ಬರೆದರೆ ಅವರು ಮಾತಾಡಿದಂತೆ ನನಗೆ ಅನ್ನಿಸುವುದಿಲ್ಲ.

ಪರಿಚಯವಾದದ್ದು ಕೆಸುವಿನಿಂದ. ಮನೆ ಹೊಕ್ಕ ವಾರವೇ ಅವರ ಬೇಲಿಯ ಮೇಲಿಂದ ಆನೆಕಿವಿಯಷ್ಟು ದೊಡ್ಡ ಎಲೆಗಳು ಇಣುಕುತ್ತಿದ್ದವು. ಪೆಂಡಲ್ ಹಿಲ್‌ನ ಅಂಗಡಿಗಳಲ್ಲಿ ಬಾಡಿದ ಕೆಸುವಾದರೂ ಸಿಕ್ಕೀತೆಂದು ಹುಡುಕಿ ಸೋತಿದ್ದ ನನಗೆ ಬಾಯಲ್ಲಿ ನೀರು ಬಂತು. ಕೇಳಿದೆ. ಒಂದು ಹೊರೆ ಕೊಯ್ದು ಕೊಟ್ಟರು. ಮರುದಿನವೇ ಪತ್ರೊಡೆ ಮಾಡಿ ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಕೊಂಡುಹೋದೆ. ಅವರು ಡಬ್ಬಿಯನ್ನು ತೆಗೆದುಕೊಂಡರು, ಆದರೆ ಮುಖ ಸಪ್ಪಗಾಯಿತು.

"ಎಂತ ಮಾರಾಯ್ತಿ, ನಿನ್ನೆ ಕೊಟ್ಟದ್ದಕ್ಕೆ ಇವತ್ತೇ ಮರಳಿಸ್ತೀಯಾ? ನನ್ನಿಂದ ಬಿಡಿಸಿಕೊಳ್ಳಲಿಕ್ಕೆ ಅಷ್ಟು ಅರ್ಜೆಂಟುಂಟಾ?"

ಯಾರ ಹಂಗೂ ಬೇಡ ಎಂಬ ಮನೆಯಲ್ಲಿ ಬೆಳೆದವಳು ನಾನು. ಪರರ ಪಾತ್ರೆ ಒಂದು ರಾತ್ರಿಗಿಂತ ಹೆಚ್ಚು ನಮ್ಮ ಅಡುಗೆಮನೆಯಲ್ಲಿ ಇರಬಾರದು, ಬರಿದಾಗಿಯೂ ಹೋಗಬಾರದು ಎನ್ನುವುದು ಅಮ್ಮನ ಕಾನೂನು. ಆಸ್ಟ್ರೇಲಿಯಾದಲ್ಲಿ ಅದು ನನಗೆ ಚೆನ್ನಾಗಿ ಒಗ್ಗಿತ್ತು. ರೆಂಟಿನ ಯೂನಿಟ್, ಪಿಆರ್, ಮಾರ್ಟ್‌ಗೇಜ್, ಒಂದು ಸಬರ್ಬಿನಿಂದ ಇನ್ನೊಂದಕ್ಕೆ. ಬಿಟ್ಟುಹೋಗುವಾಗ ಯಾರಿಗೂ ಏನೂ ಕೊಡಬೇಕಾದದ್ದು ಉಳಿದಿರುತ್ತಿರಲಿಲ್ಲ, ಹಾಗಾಗಿ ಯಾರೂ ತಿರುಗಿ ಫೋನು ಮಾಡುತ್ತಲೂ ಇರಲಿಲ್ಲ. ಅಂಕಲ್ ಆ ಡಬ್ಬಿಯನ್ನು ವಾಪಸು ಕೊಡಲೇ ಇಲ್ಲ. ಕೇಳಿದರೆ, ಅದು ನನ್ನ ಹತ್ತಿರ ಇದ್ದರೆ ನೀನು ಬರುತ್ತೀಯಲ್ಲ ಎಂದು ನಗುತ್ತಿದ್ದರು.

ಇಷ್ಟು ಹೇಳುವ ಮನುಷ್ಯ ತಾನೊಂದು ಬಾಕಿಯನ್ನು ಹೊತ್ತು ತಿರುಗುತ್ತಿದ್ದಾರೆ ಎನ್ನುವುದು ನನಗೆ ತಿಳಿದದ್ದು ಕ್ರಿಕೆಟ್ಟಿನಿಂದಾಗಿ. ಹಾಸನದ ಕಡೆಯವರಾದ ನನ್ನ ಗಂಡನಿಗೆ ಕ್ರಿಕೆಟ್ಟೆಂದರೆ ಊಟ ಬೇಡ. ಭಾರತದ ಟೀಮು ಕೆರೀಬಿಯನ್ ಪ್ರವಾಸಕ್ಕೆ ಹೊರಟಾಗ ಇವರೂ ಸ್ನೇಹಿತರೂ ಸೇರಿ ಟಿಕೆಟ್ ಬುಕ್ ಮಾಡಿದರು, ಜೊತೆಗೆ ನನ್ನನ್ನೂ ಮಗಳನ್ನೂ ಎಳೆದರು. ಒಂದು ಪಂದ್ಯ ಸೇಂಟ್ ಲೂಸಿಯಾದಲ್ಲಿತ್ತು. ಖುಷಿಪಡುತ್ತಾರೆಂದು ಅಂಕಲ್‌ಗೆ ಹೇಳಿದೆ. ಅವರು ಟೀ ಲೋಟವನ್ನು ಮೆಟ್ಟಿಲ ಮೇಲಿಟ್ಟು ಎದ್ದು, ಬಟ್ಟೆ ಒಣಹಾಕುವ ಕಂಬದವರೆಗೆ ನಡೆದು, ತಿರುಗಿ ಬಂದು, ಮತ್ತೆ ನಡೆದರು. ಹಾಗೆ ನಡೆಯುತ್ತಲೇ ಕಥೆ ಹೇಳಿದರು.

ಅವರ ಹಳ್ಳಿಯಲ್ಲಿ ಕುದ್‌ಮೆ ಎಂಬ ಪದ್ಧತಿ. ಒಬ್ಬರ ಹೊಲಕ್ಕೆ ಊರವರೆಲ್ಲ ಬಂದು ಒಂದು ದಿನ ಗೇಯುತ್ತಾರೆ. ಕೂಲಿ ಇಲ್ಲ, ದೊಡ್ಡ ಹಂಡೆಯಲ್ಲಿ ಊಟ ಮಾತ್ರ. ಮುಂದಿನ ಶನಿವಾರ ಇವರು ಅವರ ಹೊಲಕ್ಕೆ ಹೋಗಬೇಕು. ಚಂಡಮಾರುತ ಬಂದು ಅವರ ತಾಯಿಯ ಗುಡ್ಡದ ಗೆಣಸಿನ ಹೊಲವೆಲ್ಲ ಜರಿದಾಗ, ಜೀವದ ಗೆಳೆಯ ಮುಂದೆ ನಿಂತು ಜನ ಸೇರಿಸಿ, ಇಡೀ ದಿನ ಅಗೆದು ಮತ್ತೆ ನೆಟ್ಟುಕೊಟ್ಟ. ಮರುವಾರ ಆ ಗೆಳೆಯನ ಸರದಿ. ಅಷ್ಟರಲ್ಲಿ ಹಡಗಿನಲ್ಲಿ ಕೆಲಸವಿದೆ ಎಂಬ ಸುದ್ದಿ ಬಂತು, ಶನಿವಾರದ ಮೊದಲೇ ಹಡಗು ಹೊರಟಿತು. ಇವರು ಹತ್ತಿದರು. ಗೆಳೆಯನಿಗೆ ಒಂದು ಮಾತೂ ಹೇಳಲಿಲ್ಲ.

ಐವತ್ತು ವರ್ಷ ದಾಟಿದರೂ ಅವರು ಆ ಗುಡ್ಡ ಹತ್ತಿರಲಿಲ್ಲ. ತಾಯಿ ತೀರಿದಾಗಲೂ ಹೋಗಲಿಲ್ಲ. ಊಟ ಉಂಡು ಕೈ ಕೊಟ್ಟು ಓಡಿದವ ಎಂದು ಊರು ಆಡಿಕೊಳ್ಳುತ್ತದೆ, ಯಾವ ಮುಖ ಹೊತ್ತು ಹೋಗಲಿ ಎನ್ನುವುದು ಅವರ ಮಾತು. ಈಗ ಹೃದಯದ ತೊಂದರೆಯಿಂದ ಡಾಕ್ಟರು ವಿಮಾನ ಹತ್ತಬಾರದು ಎಂದಿದ್ದರು. ಗೆಳೆಯ ಬದುಕಿದ್ದಾನೆಂದು ಮಾತ್ರ ಯಾರಿಂದಲೋ ತಿಳಿದಿತ್ತು.

"ನನ್ನ ಬದಲಿಗೆ ಒಂದು ದಿನ ಅಗೆದು ಬಾ. ಬದಲಿ ಆಳು ಕಳಿಸ್ಲಿಕ್ಕೆ ಅಲ್ಲಿ ಅಡ್ಡಿಯಿಲ್ಲ. ಪೂರ್ತಿ ದಿನ ಮಾಡ್ಬೇಕು, ನೆನಪಿಟ್ಟುಕೋ. ಸಾಯುವ ಮೊದಲು ಅದೊಂದು ತೀರಿದ್ರೆ ನಾನು ಕೂತುಕೊಳ್ತೇನೆ."

ಬಾಕಿ ತೀರಿಸುವ ಕೆಲಸವೆಂದರೆ ನನಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ತಕ್ಷಣ ಒಪ್ಪಿದೆ. ಆದರೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಮಾದರಿ ನೋಡುವ ನನಗೆ ಗುದ್ದಲಿ ಹಿಡಿದು ಗೊತ್ತಿಲ್ಲ. ವಾರಾಂತ್ಯಗಳಲ್ಲಿ ಅಂಕಲ್ ತಮ್ಮ ಹಿತ್ತಲಲ್ಲಿಯೇ ಪಾಠ ಶುರುಮಾಡಿದರು. ಮಣ್ಣನ್ನು ಮಡಿಲ ಕಡೆಗೆ ಎಳೆಯಬೇಕು, ದಿಬ್ಬ ಮಾಡಬೇಕು, ನೆತ್ತಿಯಲ್ಲಿ ಗೆಣಸಿನ ತುಂಡು ಹೂಳಬೇಕು. ತಪ್ಪಾದರೆ ಕಾಲಿನಿಂದ ದಿಬ್ಬ ಕೆಡವಿ ಮತ್ತೆ ಮಾಡಿಸುತ್ತಿದ್ದರು. ನನ್ನ ಅಂಗೈ ಬೊಬ್ಬೆಯೆದ್ದಿತು. ಗಂಡ ಬೇಲಿಯಾಚೆಯಿಂದ ನೋಡಿ ನಕ್ಕರು. "ಇದು ನಮ್ಮೂರ ಮುಯ್ಯಾಳು ಕಣೇ. ಜನ ಅಲ್ಲಿಗೆ ಬೀಚು ನೋಡೋಕೆ ಹೋಗ್ತಾರೆ, ನೀನು ಗೇಯೋಕೆ ಹೋಗ್ತಿದೀಯ." ಮಗಳಿಗೆ ಒಂದೇ ಚಿಂತೆ: "ಡು ಐ ಹ್ಯಾವ್ ಟು ಡಿಗ್ ಟೂ?"

ಪಂದ್ಯದ ಶನಿವಾರ ಗಂಡನನ್ನು ಸ್ನೇಹಿತರ ಜೊತೆ ಕ್ರಿಕೆಟ್ಟಿಗೆ ಬಿಟ್ಟು, ನಾನೂ ಮಗಳೂ ವ್ಯಾನು ಹತ್ತಿ ಗುಡ್ಡದ ದಾರಿ ಹಿಡಿದೆವು. ಬೆಳಕು ಹರಿದು ಸ್ವಲ್ಪ ಹೊತ್ತಾಗಿತ್ತಷ್ಟೆ. ತಿರುವು ತಿರುವಿಗೂ ಬಾಳೆತೋಟ, ನೀಲಿ ಚೀಲ ತೊಡಿಸಿದ ಗೊನೆಗಳು, ತೋಡಿನ ಬದಿಯಲ್ಲೆಲ್ಲ ಕೆಸು. ಹಳ್ಳಿ ತಲುಪುವ ಹೊತ್ತಿಗೆ ಎಲ್ಲಿಂದಲೋ ಶಂಖದ ಸದ್ದು ಬಂತು. ಅಭ್ಯಾಸಬಲದಿಂದ ನಾನು ಎದೆಯ ಮುಂದೆ ಕೈ ಜೋಡಿಸಿದೆ. ಅದು ಪೂಜೆಯ ಶಂಖವಲ್ಲ, ಕುದ್‌ಮೆಗೆ ಜನ ಕರೆಯುವ ಶಂಖ.

ಗೆಳೆಯನನ್ನು ಹುಡುಕುವುದು ಕಷ್ಟವಾಗಲಿಲ್ಲ. ಒಂದು ಕಣ್ಣಿಗೆ ಪೊರೆ ಬಂದ, ಗಿಡ್ಡನೆಯ, ರಬ್ಬರ್ ಬೂಟಿನ ಮುದುಕ. ಮೊಬೈಲಿನಲ್ಲಿ ಅಂಕಲ್‌ರ ಫೋಟೋ ತೋರಿಸಿ, ಇವರ ಶನಿವಾರ ತೀರಿಸಲು ಬಂದಿದ್ದೇನೆ ಎಂದೆ. ಅವರು ಫೋನನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಬೈಯುತ್ತಾರೆಂದುಕೊಂಡೆ. ಇವನ ಹಲ್ಲೆಲ್ಲ ಎಲ್ಲಿ ಹೋಯಿತು ಎಂದು ಕೇಳಿದರು. ಆಮೇಲೆ ಗುದ್ದಲಿಯೊಂದನ್ನು ನನ್ನ ಕೈಗೆ ಕೊಟ್ಟು, ಚೂರು ತಡವಾಯಿತು, ಪರವಾಗಿಲ್ಲ, ನಡಿ ಎಂದರು.

ಆ ದಿನದ ಸರದಿ ಬೇರೆಯವರ ಹೊಲದ್ದು. ಇಲ್ಲ, ನಿಮ್ಮ ಹೊಲದಲ್ಲೇ ಅಗೆಯಬೇಕು, ಬಾಕಿ ನಿಮ್ಮದು ಎಂದು ನಾನು ಹಟ ಹಿಡಿದಾಗ ಸುತ್ತ ಇದ್ದವರೆಲ್ಲ ನಕ್ಕರು. ಯಾರ ಹೊಲದಲ್ಲಿ ಅಗೆದರೂ ಅದು ಊರಿಗೇ ಸಲ್ಲುತ್ತದಂತೆ. ಸಾಲಾಗಿ ನಿಂತೆವು. ಒಬ್ಬ ಹಾಡು ಎತ್ತಿದ, ಇನ್ನೊಬ್ಬ ಡೋಲು ಬಡಿದ. ಹಾಡಿನ ನಡುನಡುವೆ ಹಾಡುಗಾರ ಒಬ್ಬೊಬ್ಬರ ಹೆಸರು ಕರೆಯುವುದು, ಅವರು ಓ ಎಂದು ಗುದ್ದಲಿ ಇಳಿಸುವುದು. ಕೊನೆಯಲ್ಲಿ ಅವನು ಇನ್ನೊಂದು ಹೆಸರು ಕರೆದ. ಅದು ಅಂಕಲ್‌ರ ಹೆಸರು. ಎಲ್ಲರೂ ನನ್ನ ಕಡೆ ತಿರುಗಿದರು. ಓ ಎಂದೆ. ಗುದ್ದಲಿ ಕಲ್ಲಿಗೆ ಬಡಿಯಿತು.

ನಾನು ಬಂದದ್ದಕ್ಕಾಗಿ ಕರೆದದ್ದಲ್ಲ ಅದು. ಮಧ್ಯಾಹ್ನ ಹಂಡೆಯ ಬಳಿ, ಮೀನಿಲ್ಲದೆ ನನಗಾಗಿ ಬೇರೆಯಾಗಿ ತೆಗೆದಿಟ್ಟ ಬಾಳೆಕಾಯಿ ಮತ್ತು ಕೆಸುವಿನ ಗಡ್ಡೆ ತಿನ್ನುತ್ತಿದ್ದಾಗ ಗೆಳೆಯ ಹೇಳಿದರು. ಅಂಕಲ್ ಓಡಿಹೋದ ಆ ಶನಿವಾರ ತಮಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಅವಮಾನವಾಗಲಿ ಎಂದೇ ಹಾಡಿನಲ್ಲಿ ಅವನ ಹೆಸರು ಕರೆಸಿದರಂತೆ. ಸಾಲಿನ ತುದಿಯಿಂದ ಹೆಂಗಸಿನ ದನಿಯಲ್ಲಿ ಓ ಎಂದು ಬಂತು. ಅಂಕಲ್‌ರ ತಾಯಿ. ಮಗನ ಗುದ್ದಲಿ ಹಿಡಿದು ಬಂದು ನಿಂತಿದ್ದಳು.

"ಮಧ್ಯಾಹ್ನದವರೆಗೆ ಅಗೆದಳು. ನಂಗೆ ನಾಚಿಕೆ ಆಯ್ತು. ಕೈಯಿಂದ ಗುದ್ದಲಿ ತಕ್ಕೊಂಡೆ. ಉಳಿದ ಅರ್ಧ ಅವ ಬಂದು ಮಾಡ್ಲಿ ಅಂದೆ."

ಅಂದಿನಿಂದ ಪ್ರತಿ ಕುದ್‌ಮೆಯಲ್ಲೂ ಆ ಹೆಸರು ಕರೆಯುತ್ತಾರೆ. ತಾಯಿ ಇರುವವರೆಗೆ ಅವಳು ಓ ಎನ್ನುತ್ತಿದ್ದಳು. ಅವಳು ಹೋದ ಮೇಲೆ ಹತ್ತಿರ ಯಾರಿದ್ದಾರೋ ಅವರು. ಅಂಕಲ್‌ರನ್ನು ಕಂಡೇ ಇರದವರು ಕೂಡ.

ಹಾಗಿದ್ದರೆ ಇವತ್ತು ಪೂರ್ತಿ ಮುಗಿಸುತ್ತೇನೆ ಎಂದು ನಾನು ಎದ್ದೆ. ಗೆಳೆಯ ನನ್ನ ಕೈಯಿಂದಲೂ ಗುದ್ದಲಿ ತೆಗೆದುಕೊಂಡರು. ನೀನು ಮಾಡಿದ್ದು ನಿನ್ನ ಲೆಕ್ಕ, ಉಂಡಿದ್ದೀಯಲ್ಲ. ಆ ಅರ್ಧ ಮಾತ್ರ ಅವನದ್ದೇ ಎಂದರು. ಅವರಿಗೆ ಹೃದಯದ ಕಾಯಿಲೆ, ಬರಲಾರರು, ತೀರಿಸಿಬಿಟ್ಟರೆ ನೆಮ್ಮದಿಯಾಗಿ ಇರುತ್ತಾರೆ ಎಂದು ಗೋಗರೆದೆ. ಅವರು ಗುದ್ದಲಿಯ ಮಣ್ಣನ್ನು ಬೂಟಿನಿಂದ ಒರೆಸುತ್ತಾ ನಿಂತರು.

"ಪೂರಾ ತೀರಿಸಿಬಿಟ್ರೆ ಅವ ನಮಗೆ ಯಾರು?"

ವಿಮಾನದಲ್ಲಿ ಬರುವಾಗ ಇದನ್ನು ಅಂಕಲ್‌ಗೆ ಹೇಗೆ ಹೇಳಲಿ ಎನ್ನುವುದೇ ನನ್ನ ತಲೆಬಿಸಿ. ಹೋದ ಕೆಲಸ ಆಗಲಿಲ್ಲ. ಅವರು ಸಿಟ್ಟಾಗುತ್ತಾರೆ. ಹಾಗೆಯೇ ಆಯಿತು. ಪೂರ್ತಿ ದಿನ ಎಂದು ಹೇಳಿದ್ದೆನಲ್ಲ ಎಂದು ಮೆಟ್ಟಿಲ ಮೇಲೆ ಕೂತೇ ಗುಡುಗಿದರು. ಕಾಲು ಎಂದಿಗಿಂತ ಜೋರಾಗಿ ಕುಣಿಯುತ್ತಿತ್ತು. ನಾನು ತಾಯಿಯ ಕಥೆ ಹೇಳಿದೆ.

"ಅಮ್ಮ ಅಗೆದಳಾ?"

ಹೌದು ಎಂದೆ. ಕಾಲು ನಿಂತಿತು. ಅದು ತಾನಾಗಿಯೇ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು, ಮತ್ತು ನನಗೆ ಹೆದರಿಕೆಯೇ ಆಯಿತು. ಯಾವ ನಾಚಿಕೆಗೆ ಅಂಜಿ ಅವರು ತಾಯಿಯ ಸಾವಿಗೂ ಹೋಗಿರಲಿಲ್ಲವೋ, ಆ ನಾಚಿಕೆಯನ್ನು ತಾಯಿ ಮೊದಲ ಶನಿವಾರವೇ ಹೊತ್ತು ಇಳಿಸಿದ್ದಳು. ಅವರು ಅತ್ತರು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎಷ್ಟೋ ದಿನ ಬೇಲಿಯ ಹತ್ತಿರ ಸುಳಿಯಲಿಲ್ಲ. ಹೇಳಬಾರದಿತ್ತೇನೋ ಎಂದು ನಾನು ಅಡುಗೆಮನೆಯ ಕಿಟಕಿಯಿಂದ ಆ ಖಾಲಿ ಮೆಟ್ಟಿಲನ್ನು ನೋಡುತ್ತಾ ಒದ್ದಾಡಿದೆ.

ಒಂದು ಬೆಳಿಗ್ಗೆ ಕೈಯಲ್ಲಿ ಕೆಸುವಿನ ಎಲೆ ಹಿಡಿದು ಬೇಲಿಗೆ ಬಂದರು. ನನ್ನ ಹೆಸರು ಕರೆದಾಗ ಯಾರು ಓ ಅಂದರು ಎಂದು ಕೇಳಿದರು. ನಾನೇ ಎಂದೆ. ಹೇಗೆ ಅಂದೆ, ಅಂದು ತೋರಿಸು ಎಂದರು. ಸಿಡ್ನಿಯ ಹಿತ್ತಲಲ್ಲಿ ನಿಂತು ಓ ಎಂದು ಕೂಗಿದೆ. ಅಷ್ಟು ಮೆಲ್ಲಗೆ ಕೂಗಿದರೆ ಆ ಗುಡ್ಡದಲ್ಲಿ ಕೇಳುವುದಿಲ್ಲ ಎಂದು ಮತ್ತೆ ಕೂಗಿಸಿದರು. ಅವತ್ತೇ ನನ್ನ ಫೋನಿನಿಂದ ಗೆಳೆಯನಿಗೆ ಕರೆ ಮಾಡಿಸಿದೆ. ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ, ಅಲ್ಲಿ ಶನಿವಾರ ಸಂಜೆಯಾಗಿರುವಾಗ, ಇಬ್ಬರು ಮುದುಕರೂ ತಮ್ಮ ಭಾಷೆಯಲ್ಲಿ ಜಗಳವಾಡುವ ಸದ್ದು ಬೇಲಿ ದಾಟಿ ಬರುತ್ತಿತ್ತು. ಕಾಲು ಮತ್ತೆ ಕುಣಿಯತೊಡಗಿತ್ತು. ಈಗ ಡಾಕ್ಟರನ್ನು ಒಪ್ಪಿಸಿ ವಿಮಾನ ಹತ್ತುವುದೊಂದೇ ಅವರ ಧ್ಯಾನ. ಅರ್ಧ ದಿನ ಇದೆ ಮಾರಾಯ್ತಿ, ಹೋಗಬೇಕು ಎನ್ನುತ್ತಿದ್ದರು. ಡಾಕ್ಟರು ಒಪ್ಪಲಿಲ್ಲ.

ಗಂಡನಿಗೆ ಮೆಲ್ಬರ್ನ್‌ನಲ್ಲಿ ಕೆಲಸವಾಗಿ ನಾವು ಅಲ್ಲಿನ ಪಾಯಿಂಟ್ ಕುಕ್‌ಗೆ ಮನೆ ಬದಲಿಸಿದೆವು. ಹೊರಡುವ ದಿನ ಅಂಕಲ್ ಕೆಸುವಿನ ಗಡ್ಡೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು, ಡಬ್ಬಿ ಮಾತ್ರ ಕೊಡಲಿಲ್ಲ. ಪಾಯಿಂಟ್ ಕುಕ್‌ನ ಗಾಳಿಗೆ ಎಲೆಗಳೆಲ್ಲ ಹರಿದುಹೋಗುತ್ತವೆ, ಆದರೂ ಗಡ್ಡೆ ಸಾಯುತ್ತಿಲ್ಲ. ಮುಂದಿನ ಚಳಿಗಾಲದಲ್ಲಿ ಅವರ ಮಗ ಫೋನು ಮಾಡಿದ. ಮೆಟ್ಟಿಲ ಮೇಲೆ ಕೂತಲ್ಲೇ ಹೋಗಿದ್ದರು.

ಸಿಡ್ನಿಗೆ ಹೋಗಿ ಬಂದೆ. ಮನೆ ಖಾಲಿ ಮಾಡುತ್ತಿದ್ದ ಮಗ ಸ್ಟೀಲಿನ ಡಬ್ಬಿ ಹಿಡಿದು ಬಂದು, ಇದು ನಿಮ್ಮದೇ ಇರಬೇಕು ಎಂದ. ಕೈ ಚಾಚಿದ್ದೆ. ಹಿಂದೆಗೆದುಕೊಂಡೆ. ನಿನ್ನ ಹತ್ತಿರವೇ ಇರಲಿ, ಮೆಲ್ಬರ್ನ್‌ಗೆ ಬಂದಾಗ ತಂದುಕೊಡು ಎಂದೆ.

ಆ ಭಾನುವಾರ ಬೆಳಿಗ್ಗೆ ಗೆಳೆಯನಿಗೆ ಫೋನು ಮಾಡಿದೆ. ಮಗ ಮೊದಲೇ ತಿಳಿಸಿದ್ದ. ಕುದ್‌ಮೆ ಇತ್ತಾ ಎಂದು ಕೇಳಿದೆ. ಇತ್ತು ಎಂದರು. ಹೆಸರು ಕರೆದರಾ ಎಂದೆ. ಕರೆದರು ಎಂದರು. ಯಾರು ಓ ಅಂದರು ಎಂದು ಕೇಳಿದೆ.

"ನಾನೇ," ಎಂದರು. "ಅರ್ಧ ದಿನ ಹಾಗೇ ಉಂಟು. ನೀನು ಬರ್ಲಿಕ್ಕುಂಟಲ್ಲ."

ಬರುತ್ತೇನೆ ಎಂದೆ. ಯಾವಾಗ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.