ಆಡಿ ತಿಂಗಳಲ್ಲಿ ಹೊರಟ ಬಂಡಿ

ಬೆಟ್ಟದಾಚೆಯ ನೀರು ತಮಿಳು ಸೀಮೆಯ ಕಂಬಂ ಕಣಿವೆಗೆ ಬಂದ ಮೇಲೆ ಎಲ್ಲರೂ ಅಲ್ಲಿಗೆ ಬಂದು ನೆಲೆಸುತ್ತಿದ್ದರು. ನಾವು ಮಾತ್ರ ಅಲ್ಲಿಂದ ಹೊರಟೆವು. ಬಿಳಿಯರು ಮಲೆಯನ್ನು ಕೊರೆದು ನೀರು ಬಿಟ್ಟ ವರ್ಷ ನಾನು ಆ ಮನೆಗೆ ಸೊಸೆಯಾಗಿ ಬಂದೆ. ಅದುವರೆಗೆ ಮಳೆ ನೋಡಿ ಜೋಳ ಬಿತ್ತುತ್ತಿದ್ದ ನನ್ನ ಮಾವ ಆ ವರ್ಷ ಗದ್ದೆ ಮಾಡಿ ನೆಲ್ಲು ನೆಟ್ಟರು. ಕಾಲುವೆ ನಮ್ಮ ಹಿತ್ತಲಿನ ಪಕ್ಕದಲ್ಲೇ ಹರಿಯುತ್ತಿತ್ತು. ಮಾವ ಬೆಳಿಗ್ಗೆ ಎದ್ದವರೇ ಹೋಗಿ ಅದರ ದಂಡೆಯ ಮೇಲೆ ಕುಳಿತು ನೀರು ನೋಡುತ್ತಿದ್ದರು. ಮುಖ ಕೂಡ ತೊಳೆಯದೆ, ಸುಮ್ಮನೆ.

ಮರುವರ್ಷ ನಮ್ಮ ಬೀದಿಗೆ ಚಳಿಜ್ವರ ಬಂತು. ಮೊದಲು ನನ್ನ ಮೈದುನ ಹೋದ. ಇನ್ನೂ ಹಾಲುಹಲ್ಲು ಬೀಳದ ಹುಡುಗ. ಆಮೇಲೆ ನಾದಿನಿಗೆ ಹಿಡಿಯಿತು. ಹದಿಮೂರರ ಹುಡುಗಿ, ನನಗಿಂತ ಮೂರೋ ನಾಲ್ಕೋ ವರ್ಷ ಚಿಕ್ಕವಳು. ಆ ಮನೆಯಲ್ಲಿ ನಾನು ನಗುತ್ತಿದ್ದುದು ಅವಳ ಜೊತೆ ಮಾತ್ರ. ಜ್ವರ ದಿನ ಬಿಟ್ಟು ದಿನ ಬರುತ್ತಿತ್ತು. ಬಂದಾಗ ಮನೆಯ ಕಂಬಳಿಗಳನ್ನೆಲ್ಲ ಹೊದಿಸಿದರೂ ಅವಳ ಹಲ್ಲು ಕಟಕಟ ಎನ್ನುವುದು ನಿಲ್ಲುತ್ತಿರಲಿಲ್ಲ.

ನೀರಿನಿಂದಲೇ ಜ್ವರ ಎಂದು ಅತ್ತೆ ನಿಶ್ಚಯಿಸಿದರು. ಅದು ಸರಿಯೋ ತಪ್ಪೋ ಹೇಳಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲ. ಅತ್ತೆಯ ತವರು ದಿಂಡಿಗಲ್ ಸೀಮೆ, ಚಿನ್ನಾಳಪಟ್ಟಿಯ ಹತ್ತಿರದ ಒಂದು ಹಳ್ಳಿ. ಕೆಮ್ಮಣ್ಣಿನ ಒಣ ನೆಲ, ಬಾವಿ ನೀರು. ಅಲ್ಲಿಗೆ ಸೀರೆ ತರಲು ಹೋಗುವ ವ್ಯಾಪಾರಿಯೊಬ್ಬನ ಕೈಲಿ ತಮ್ಮನಿಗೆ ಹೇಳಿಕಳಿಸಿದರು. ತಮ್ಮನೂ ಅವನ ಬಾಯಲ್ಲೇ ಉತ್ತರ ಕಳಿಸಿದರು: ತೋಟದ ಪಕ್ಕದ ಹಳೆಯ ಮನೆ ಖಾಲಿ ಇದೆ, ಬನ್ನಿ.

"ಆನಿ ತಿಂಗ್ಳು ಮುಗಿಯಾದ್ರಾಗೆ ಓಗಿಬುಡಾಣ," ಎಂದರು ಅತ್ತೆ.

ಮಾವ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. "ಹಸು ಈಯ್ಲಿ. ತುಂಬು ಗಬ್ಬದ ಹಸುನ ಅಷ್ಟು ದೂರ ನಡ್ಸಾಕಾಯ್ತದಾ?" ಎಂದರು. ಅದು ನ್ಯಾಯವಾದ ಮಾತೇ ಆಗಿತ್ತು. ಹಾಗಾಗಿ ಹಸು ಈಯುವುದನ್ನು ಕಾಯುತ್ತ ನಾವು ಮನೆ ಕಟ್ಟಿಡತೊಡಗಿದೆವು.

ಅತ್ತೆ ಅಂಥ ಕೆಲಸದಲ್ಲಿ ಗಟ್ಟಿಗಿತ್ತಿ. ಯಾವುದು ಬಂಡಿಯ ತಳಕ್ಕೆ, ಯಾವುದು ಮೇಲಕ್ಕೆ ಎಂಬುದೆಲ್ಲ ಅವರ ತಲೆಯಲ್ಲೇ ಇತ್ತು. ಕಾಳು ತುಂಬುವ ಮಣ್ಣಿನ ವಾಡೆಗಳು ದಾರಿಯಲ್ಲಿ ಒಡೆಯುತ್ತವೆಂದು ಅವನ್ನು ಬಿಟ್ಟು, ಕಾಳನ್ನು ಮೂಟೆಗೆ ಸುರಿಸಿದರು. ಬೀಸುವ ಕಲ್ಲನ್ನು ಹುಲ್ಲಿನಲ್ಲಿ ಸುತ್ತಿಸಿದರು. ಹಿತ್ತಾಳೆ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟು ಸಂದಿಗೆ ಹುಣಿಸೆಹಣ್ಣು ತುರುಕಿದರು. ನಾದಿನಿಯ ಮದುವೆಗೆಂದು ಎತ್ತಿಟ್ಟಿದ್ದ ಸೀರೆ, ಅರಿಸಿನದ ಕೊಂಬು ಒಂದು ಗಂಟಾಯಿತು. ಅದು ಮಳೆಗೆ ನೆನೆಯಬಾರದೆಂದು ಮನೆಯ ಮೂಲೆಯಲ್ಲಿ ಎಲ್ಲಕ್ಕಿಂತ ಕೆಳಗಿಟ್ಟು, ಅದರ ಮೇಲೆ ಜೋಳದ ಮೂಟೆಗಳನ್ನು ಪೇರಿಸಿದರು.

ಹಸು ಆನಿಯ ಕೊನೆಯಲ್ಲಿ ಈಯಿತು. ಕರು ಸೊರಗಿತ್ತು, ನಾಲ್ಕು ಹೆಜ್ಜೆ ನಡೆಯಲಾರದು. ಅದು ಬಲಿಯುವಷ್ಟರಲ್ಲಿ ಮುಂದಿನ ತಿಂಗಳು ಆಡಿ, ಅಂದರೆ ಆಷಾಢ, ಹುಟ್ಟಿತು. ಆಡಿಯಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ನಮ್ಮ ಕುಲದ ಹಿರಿಯರೊಬ್ಬರು ಬಂದು ಜಗಲಿಯ ಮೇಲೆ ಕುಳಿತು, ಆಡಿ ಕಳೆದು ಆವಣಿ ಬರುವ ತನಕ ಬಂಡಿ ಕಟ್ಟಕೂಡದು ಎಂದರು. ಅತ್ತೆ ತಲೆಬಾಗಿಸಿ ಒಪ್ಪಿಕೊಂಡರು. ಮಾವನ ಮುಖದಲ್ಲಿ ಸಣ್ಣ ಗೆಲುವು ಕಂಡಿತು.

ಆ ತಿಂಗಳು ನಾವು ಕಟ್ಟಿಟ್ಟ ಮನೆಯಲ್ಲೇ ಬದುಕಿದೆವು. ರಾಗಿ ಬೀಸಲು ಪಕ್ಕದ ಮನೆಗೆ ಹೋಗುತ್ತಿದ್ದೆ. ಸೌಟು ಯಾವ ಗಂಟಿನಲ್ಲಿದೆಯೋ ಸಿಗದೆ ತೆಂಗಿನ ಚಿಪ್ಪಿನಲ್ಲಿ ಅಂಬಲಿ ಬಡಿಸಿದೆ. ಹೊರಗೆ ಆಡಿಗಾಳಿ ಮಲೆಯಿಂದಿಳಿದು ಹಗಲೆಲ್ಲ ಬೊಬ್ಬಿಡುತ್ತಿತ್ತು. ಒಳಗೆ ಮೂಟೆಗಳ ನಡುವಿನ ಕಿರಿದಾದ ಜಾಗದಲ್ಲಿ ನಾದಿನಿ ಮಲಗಿರುತ್ತಿದ್ದಳು. ಪಕ್ಕದಲ್ಲಿ ಆರು ತಿಂಗಳಾಗಿದ್ದ ನನ್ನ ಕೂಸನ್ನು ಮಲಗಿಸಿದರೆ ಅದರ ಕಾಲು ಹಿಡಿದು ಆಡಿಸುತ್ತಿದ್ದಳು.

"ಅತ್ತಿಗೆ, ವಂಡೀಲಿ ನಾನು ಮುಂದೆ ಕುಂತ್ಕತ್ತೀನಿ. ಅಣ್ಣಂಗೆ ಯೋಳು," ಎನ್ನುತ್ತಿದ್ದಳು.

"ಯೋಳಿವ್ನಿ, ನಿಂಗೇ ಆ ಜಾಗ."

"ಯಾವಾಗ ಓಗ್ತೀವಿ?"

"ಆವಣಿ ಬರ್ಲಿ."

ಆವಣಿ ಬರುವ ಮೊದಲೇ ಅವಳು ಹೋದಳು. ಮಧ್ಯಾಹ್ನ ಜ್ವರ ಏರಿ, ಯಾರನ್ನೂ ಗುರುತಿಸದಾದಳು. ಹೊತ್ತು ಇಳಿಯುವಾಗ ಉಸಿರು ನಿಂತಿತು. ಅತ್ತೆ ಅಳಲಿಲ್ಲ. ಮೈ ತೊಳೆಸಿ, ಹೊಸ ಬಟ್ಟೆ ಬೇಕು ಎಂದರು. ಹೊಸ ಬಟ್ಟೆ ಇದ್ದುದು ಆ ಒಂದು ಗಂಟಿನಲ್ಲಿ. ನಾನು ಮತ್ತು ನನ್ನ ಗಂಡ ಮೂಟೆಗಳನ್ನು ಒಂದೊಂದಾಗಿ ಎಳೆದು ಅಂಗಳಕ್ಕೆ ಹಾಕಿದೆವು. ನೆರೆದ ಹೆಂಗಸರು ಅಳು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಗಂಟು ಸಿಕ್ಕಾಗ ಅದರ ಹಗ್ಗ ಬಿಚ್ಚಲು ನನ್ನ ಕೈಲಾಗಲಿಲ್ಲ. ಅಷ್ಟು ಬಿಗಿಯಾಗಿ ಕಟ್ಟಿದವರು ಅತ್ತೆ, ಕೊನೆಗೆ ಬಿಚ್ಚಿದವರೂ ಅವರೇ. ಮದುವೆಯ ಸೀರೆ ಉಡಿಸಿ ಅವಳನ್ನು ಮಣ್ಣು ಮಾಡಿದರು.

ಹಾಲು ತುಪ್ಪ ಬಿಟ್ಟು ಬಂದ ದಿನ ಅತ್ತೆ ನನ್ನ ಗಂಡನನ್ನು ಕರೆದರು. "ವಂಡಿಕಾರನ್ನ ಕೂಗು. ನಾಳೆ ಬೆಳಿಗ್ಗೆ ಓಗಾದೇ."

ಸುದ್ದಿ ಕೇಳಿ ಆ ಹಿರಿಯರು ಮತ್ತೆ ಬಂದರು. "ಸಾವಿನ ಸೂತಕ ಐತೆ, ಆಡಿ ಬ್ಯಾರೆ. ಬುದ್ಧಿ ಇದ್ದು ಮಾಡಾ ಕೆಲ್ಸವಾ ಇದು?"

ಅತ್ತೆ ತಲೆಬಾಗಿಲಲ್ಲಿ ನಿಂತೇ ಉತ್ತರಿಸಿದರು. ಗಂಡಸರ ಮುಂದೆ ಅವರು ದನಿ ಎತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಸಾವು ಆಡೀಲಿ ಬರಬೌದು, ನಾವು ಆಡೀಲಿ ಓಗಬಾರ್ದಾ? ನೀವು ಕಾಯಿ ಅಂದ್ರಿ, ಕಾದೆ. ಇನ್ನೊಂದು ಕೂಸು ಐತೆ ಈ ಮನೇಲಿ. ಅದನ್ನ ಇಕ್ಕೊಂಡು ನಾನು ಕಾಯಾಕಿಲ್ಲ."

ಹಿರಿಯರು ಟವೆಲು ಕೊಡವಿ ಎದ್ದುಹೋದರು. ಆಗ ಮಾವ ಮಾತಾಡಿದರು. ತಾವು ಬರುವುದಿಲ್ಲ ಎಂದರು.

"ನಮ್ಮಪ್ಪ, ಅವರಪ್ಪ, ಎಲ್ಲಾರೂ ಮೋಡ ನೋಡೀ ನೋಡೀ ಸತ್ರು. ಈಗ ನೀರು ಕಾಲಡೀಲಿ ಐತೆ. ನಟ್ಟ ಪೈರು ಬುಟ್ಟು ಎಂಗೆ ಬರ್ಲಿ? ನೀವು ಓಗಿ. ಕುಯ್ದು ಬತ್ತೀನಿ. ತೈ ತಿಂಗ್ಳಿಗೆ, ಪೊಂಗಲ್ ಒತ್ಗೆ, ಬಂದುಬುಡ್ತೀನಿ."

ನನ್ನ ಗಂಡ ಅಪ್ಪನ ಮುಖವನ್ನೂ ಅಮ್ಮನ ಮುಖವನ್ನೂ ನೋಡಿದರು. ಅತ್ತೆ, "ಶರಿ," ಎಂದರು ಅಷ್ಟೆ. ಹಟ ಮಾಡಿ ಕರೆಯಲಿಲ್ಲ.

ಬೆಳಿಗ್ಗೆ ಬಂಡಿಗೆ ಸಾಮಾನು ಏರಿಸಿದವರು ಮಾವನೇ. ಹಗ್ಗ ಬಿಗಿದು, ಅಲುಗಾಡಿಸಿ ನೋಡಿ, ಮತ್ತೆ ಬಿಗಿದರು. ಊರ ಕೊನೆಯವರೆಗೆ ಹಸುವನ್ನು ತಾವೇ ಹಿಡಿದು ನಡೆದು ಬಂದು, ಅಲ್ಲಿ ಹಗ್ಗವನ್ನು ಮಗನ ಕೈಗೆ ಕೊಟ್ಟರು. ಕೂಸಿನ ತಲೆ ಸವರಿ, ಗದ್ದೆಯ ಕಡೆ ತಿರುಗಿದರು. ಬಂಡಿಯ ಮುಂದಿನ ಜಾಗದಲ್ಲಿ ಯಾರೂ ಕೂರಲಿಲ್ಲ. ಬಂಡಿಕಾರ ಅಲ್ಲಿ ತನ್ನ ಬುತ್ತಿ ಇಟ್ಟುಕೊಂಡ.

ದಾರಿಯುದ್ದಕ್ಕೂ ಎದುರಿಗೆ ಬಂಡಿಗಳು ಬರುತ್ತಿದ್ದವು. ಮಡಕೆ, ಕೋಳಿ, ನೇಗಿಲು, ಮಕ್ಕಳು. ಎಲ್ಲ ಕಣಿವೆಗೆ ಬರುವವರು. ತೇನಿಯ ಸಂತೆಯ ಹತ್ತಿರ ಎತ್ತುಗಳಿಗೆ ನೀರು ಕುಡಿಸಲು ನಿಂತಾಗ ಒಬ್ಬ ಹೆಂಗಸು, ಕಣಿವೆಗೆ ಹೊಸದಾಗಿ ಹೊರಟವಳು, ನಮ್ಮನ್ನು ತಮಿಳಿನಲ್ಲಿ ಕೇಳಿದಳು: ಅಲ್ಲಿ ಬೇಕಾದಷ್ಟು ನೀರು ಇದೆಯಂತೆ, ನೀವು ಯಾಕೆ ಬಿಟ್ಟು ಬಂದಿರಿ? ಅವಳ ಸೊಂಟದಲ್ಲಿ ನನ್ನ ಕೂಸಿನಷ್ಟೇ ದೊಡ್ಡ ಮಗುವಿತ್ತು. ಅತ್ತೆ ಆ ಮಗುವನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಕಾಲುವೆ ಪಕ್ಕ ಮನೆ ಕಟ್ಟಬೇಡ, ಎತ್ತರದ ಮೇಡಿನ ಮೇಲೆ ಕಟ್ಟು ಎಂದು ತಮಿಳಿನಲ್ಲೇ ಹೇಳಿದರು. ಆ ಹೆಂಗಸು ನಕ್ಕು ಹೋದಳು.

ಚಿನ್ನಾಳಪಟ್ಟಿ ದಾಟಿ ಊರು ಮುಟ್ಟಿದಾಗ ನಮ್ಮನ್ನು ಒಳಗೆ ಬಿಡಲಿಲ್ಲ. ಕಣಿವೆಯ ಸಾವಿನ ಸುದ್ದಿ ನಮಗಿಂತ ಮೊದಲು ಬಂದಿತ್ತು. ಅತ್ತೆಯ ತಮ್ಮ ಹುಣಿಸೆ ತೋಪಿನವರೆಗೆ ಬಂದು, ದೂರದಲ್ಲೇ ನಿಂತು, ತಂದಿದ್ದ ಅನ್ನದ ಗಡಿಗೆಯನ್ನು ನೆಲದ ಮೇಲಿಟ್ಟರು.

"ಅಕ್ಕಾ, ಊರೋರು ಒಪ್ತಾ ಇಲ್ಲೆ. ಸೂತಕ ಕಳೀಲಿ ಅಂತಾರೆ. ಕಾಯ್ಲೆ ಅಂಟ್ಕತ್ತದೆ ಅಂತ ಹೆದ್ರಿಕೆ." ಅವರು ಅಳುತ್ತಿದ್ದರು.

"ಅಳಬ್ಯಾಡಪ್ಪ. ಬಾವಿ ಎತ್ತ ಐತೆ, ಅದು ಯೋಳು," ಎಂದರು ಅತ್ತೆ.

ಸೂತಕ ಕಳೆಯುವ ತನಕ ಆ ತೋಪಿನಲ್ಲೇ ಬಂಡಿಯ ಚಾಪೆಯನ್ನು ಸೂರಾಗಿ ಕಟ್ಟಿಕೊಂಡು ಇದ್ದೆವು. ಕರು ಅಲ್ಲೇ ಸತ್ತಿತು. ಆಮೇಲೆ ಒಳಗೆ ಬಿಟ್ಟರು. ತೋಟದ ಮನೆಯ ಸೂರು ಅರ್ಧ ಕುಸಿದಿತ್ತು, ಗೋಡೆಯ ಮೇಲೆ ಗೆದ್ದಲು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಣ್ಣು ಕಲೆಸಲು ಕುಳಿತರು. ಗೋಡೆಗೆ ಮೆತ್ತುವಾಗ ಅವರ ಬಾಯಿಂದ ಮೊದಲ ಸಲ ಮಗಳ ಹೆಸರು ಬಂತು. ಆಮೇಲೆ ಅತ್ತರು. ಕೈ ಮಾತ್ರ ನಿಲ್ಲಿಸಲಿಲ್ಲ.

ಮಾವ ತೈ ತಿಂಗಳಿಗೆ ಬರಲಿಲ್ಲ. ಅದರ ಹಿಂದಿನ ಮಾರ್ಗಳಿಯಲ್ಲೇ, ಕೊಯ್ಲಿಗೆ ಸ್ವಲ್ಪ ದಿನ ಇದೆ ಎನ್ನುವಾಗ, ಅದೇ ಜ್ವರ ಅವರನ್ನು ಕೊಂಡೊಯ್ಯಿತು. ಬಂಡಿಕಾರನೊಬ್ಬ ಸುದ್ದಿ ತಂದ. ನನ್ನ ಗಂಡ ಓಡಿದರು. ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ಕ್ರಿಯೆ ಮುಗಿಸಿ, ಪೈರು ಕೊಯ್ದು, ಗದ್ದೆಯನ್ನು ದಾಯಾದಿಗಳಿಗೆ ಬೆಳೆಯ ಪಾಲಿನ ವಾರಕ್ಕೆ ಕೊಟ್ಟು, ಮಾವನ ಜೋಡಿ ಎತ್ತುಗಳನ್ನು ಹೊಡೆದುಕೊಂಡು ಮರಳಿದರು.

ಅತ್ತೆ ಕೇಳಿದ್ದು ಒಂದೇ ಮಾತು. "ಬಾಯಿಗೆ ನೀರು ಯಾರು ಬುಟ್ರು?"

"ಪಕ್ಕದ ಮನೆ ದೊಡ್ಡವ್ವ."

"ಪುಣ್ಯಾತ್ಗಿತ್ತಿ," ಎಂದು ಹೇಳಿ ಒಳಗೆ ಹೋದರು.

ನನ್ನ ಮಗ ಆ ಚಳಿಗಾಲ ನಡೆಯಲು ಕಲಿತ. ಅವನಿಗೆ ಜ್ವರ ಬರಲಿಲ್ಲ. ಮಾವನ ಎತ್ತುಗಳಿಗೆ ಮಾತ್ರ ಆ ಊರು ಒಗ್ಗಲು ತಡವಾಯಿತು. ಅಲ್ಲಿ ಬಾವಿಯಿಂದ ಕಪಿಲೆ ಹೊಡೆಯಬೇಕು. ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದು ತೊಗಲ ಚೀಲದಲ್ಲಿ ನೀರೆಳೆಯಬೇಕು, ಹಿಮ್ಮೆಟ್ಟಿ ಮೇಲೆ ಬರಬೇಕು. ಹಿಂದಕ್ಕೆ ನಡೆಯಲು ಅವು ಒಪ್ಪಲೇ ಇಲ್ಲ. ನನ್ನ ಗಂಡ ಬೈದರು, ಹೊಡೆದರು. ಒಂದು ಬೆಳಿಗ್ಗೆ ಅತ್ತೆ ಅವರ ಕೈಯಿಂದ ಬಾರುಕೋಲು ಕಿತ್ತು ಎಸೆದರು. ಎತ್ತುಗಳ ಎದುರಿಗೆ ನಿಂತು, ಎರಡರ ಹಣೆಗೂ ಅಂಗೈ ಇಟ್ಟು, ಏನೋ ಮೆಲ್ಲಗೆ ಹೇಳುತ್ತ ಅವನ್ನು ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ತಳ್ಳಿದರು.