ಉಪ್ಪು ಹಾಕದ ಕಟ್ಟು

ಪಕ್ಕದ ಮನೆಯ ಹಸೀನಾ ಅಕ್ಕೋರು ಯಾರ ಮನೆಯಿಂದ ಸಾರು ಬಂದರೂ ಒಂದೇ ಪಾತ್ರೆಗೆ ಸುರಿಯುತ್ತಿದ್ದರು. ಮುಂಡರಗಿಯ ನಮ್ಮ ಓಣಿಯಲ್ಲಿ ಹೋಳಿಗೆ ಮಾಡಿದವರು ನೆರೆಮನೆಗೆ ಕಟ್ಟಿನ ಸಾರು ಕಳಿಸುವುದು ರೂಢಿ. ಅಕ್ಕೋರು ಅದನ್ನೆಲ್ಲ ತಮ್ಮ ಸಾರಿಗೆ ಬೆರೆಸಿ, ದಿನವೂ ಕುದಿಸಿ ಉಣ್ಣುತ್ತಿದ್ದರು. ಅವರಿಗೆ ಆ ಸಾರು ಕಲಿಸಿದ ನಮ್ಮ ಅವ್ವನಿಗೆ ಇದು ಸೇರುತ್ತಿರಲಿಲ್ಲ.

"ನನ್ನ ಸಾರಿನ ರುಚಿ ಎಲ್ಲಿ ಉಳೀತ್ರಿ ಅದರಾಗ?"

"ಎಲ್ಲೂ ಹೋಗಿಲ್ಲ ತಗೋರಿ. ಹುಡುಕಿದ್ರ ಸಿಗತೈತಿ."

ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸಿದವರು ಅವರೇ. ನಿವೃತ್ತಿಗೆ ಮುಂಚೆ ಪಠ್ಯದಲ್ಲಿಲ್ಲದ ಒಂದು ಪಾಠ ಮಾಡಬೇಕೆಂಬುದು ಅವರ ಬಹುದಿನದ ಆಸೆ: ನಮ್ಮ ಗ್ಯಾಲಕ್ಸಿಯನ್ನು ಸುತ್ತುವರಿದ ಹಳೆಯ ನಕ್ಷತ್ರಗಳ ಪ್ರಭಾವಲಯದಲ್ಲಿ ಏನೇನಿದೆ, ಅದು ಹೇಗೆ ಬದಲಾಯಿತು ಎಂಬುದು. ಹೆಡ್ ಮಾಸ್ತರರು ಕೊನೆಯ ವಾರ ನಮ್ಮ ತರಗತಿಯಲ್ಲಿ ಒಂದು ಪಿರಿಯಡ್ ಕೊಟ್ಟರು.

ಹೋಳಿ ಹುಣ್ಣಿಮೆ ಆಗಷ್ಟೇ ಮುಗಿದಿತ್ತು. ಅಕ್ಕೋರು ಪಾಠದಲ್ಲಿ ತೋರಿಸಲೆಂದು ಮೂರು ಬಟ್ಟಲು ತಂದು ನಮ್ಮ ಫ್ರಿಜ್ಜಿನಲ್ಲಿಟ್ಟರು. ಮೊದಲನೆಯದು ಬೇಳೆ ಬಸಿದ ಬರೀ ಕಟ್ಟು, ಉಪ್ಪಿಲ್ಲ, ಖಾರವಿಲ್ಲ. ಅದು ವಿಶ್ವದಲ್ಲಿ ಜಲಜನಕ, ಹೀಲಿಯಂಗಳಷ್ಟೇ ಇದ್ದ ಕಾಲ. ಎರಡನೆಯದು ಮಸಾಲೆ ಬಿದ್ದ ಸಾರು: ನಕ್ಷತ್ರಗಳು ಸಿಡಿದು ಕಬ್ಬಿಣ ಬೆರೆತ ಕಾಲ. ಮೂರನೆಯದರಲ್ಲಿ ನೆರೆಮನೆಗಳ ಸಾರೂ ಕೂಡಿತ್ತು: ಸಣ್ಣ ಗ್ಯಾಲಕ್ಸಿಗಳು ನಮ್ಮದರೊಳಗೆ ಬಂದು ಬಿದ್ದ ಕಾಲ. ನಾನು ಡೈರಿಯ ಹಾಳೆ ಹರಿದು, ತಾರೀಖು ಬರೆದು ಬಟ್ಟಲುಗಳಿಗೆ ಅಂಟಿಸಿದೆ. ಯಾತಕ್ಕೆ ಇಟ್ಟದ್ದೆಂದು ಬರೆಯಲಿಲ್ಲ.

ಪಾಠದ ದಿನ ಬೆಳಿಗ್ಗೆ ಅಕ್ಕೋರು ಮೊದಲ ಬಟ್ಟಲು ತೆಗೆದು ಮೂಸಿದರು. ಇಂಗಿನ ವಾಸನೆ.

"ಉಪ್ಪು ಹಾಕೋದು ಮರತಿದ್ರಿ ಅಕ್ಕೋರ," ಅಂದಳು ಅವ್ವ. "ನಾನ ಹಾಕಿ ಒಗ್ಗರಣಿ ಕೊಟ್ಟೀನಿ. ಇಷ್ಟ ವರ್ಷ ಕಲಿಸಿದ್ರೂ ಹಿಂಗಾದ್ರ ಹೆಂಗರಿ?"

ಮತ್ತೆ ಬೇಳೆ ಬೇಯಿಸಲು ಹೊತ್ತಿರಲಿಲ್ಲ. ಅಕ್ಕೋರು ಸಾರನ್ನು ಅಲ್ಲೇ ಕುಡಿದರು. "ಛಲೋ ಆಗೇತ್ರಿ," ಅಂದು ಬಟ್ಟಲು ತೊಳೆದು, ಒರೆಸಿ, ಚೀಲಕ್ಕೆ ಹಾಕಿಕೊಂಡರು.

ತರಗತಿಯಲ್ಲಿ ಖಾಲಿ ಬಟ್ಟಲನ್ನೇ ಮೊದಲು ಇಟ್ಟರು.

"ಇದರಾಗ ಏನೂ ಇಲ್ಲರಿ ಅಕ್ಕೋರ," ಅಂದ ಹಿಂದಿನ ಬೆಂಚಿನವನೊಬ್ಬ.

"ಖರೆ ಐತಿ. ಬರೇ ಜಲಜನಕ, ಹೀಲಿಯಂನಿಂದ ಆದ ಮೊದಲಿನ ನಕ್ಷತ್ರ ಇನ್ನೂ ಯಾರಿಗೂ ಸಿಕ್ಕಿಲ್ಲಲೇ. ಸಿಕ್ಕಿದ್ದಕ್ಕೆಲ್ಲಾ ಯಾರರ ಒಂದು ಚಿಟಿಕಿ ಉಪ್ಪು ಹಾಕೇ ಹಾಕ್ಯಾರ."

ಪಾಠ ಗಂಟೆ ಹೊಡೆದ ಮೇಲೂ ನಡೆಯಿತು. ಆ ಕಟ್ಟಿಗೆ ಉಪ್ಪು ಯಾಕಿರಲಿಲ್ಲವೆಂದು ಸಂಜೆ ನಾನು ಅವ್ವನಿಗೆ ಹೇಳಿದೆ.

ಅಕ್ಕೋರು ಕಳೆದ ಚಳಿಗಾಲ ಲಕ್ಷ್ಮೇಶ್ವರದ ತಂಗಿಯ ಮನೆಯಲ್ಲಿ ತೀರಿಕೊಂಡರು. ಈ ಸಲದ ಹೋಳಿ ಹುಣ್ಣಿಮೆಗೆ ಅವ್ವ ಕಟ್ಟು ಬಸಿದು, ಉಪ್ಪಿನ ಡಬ್ಬಿ ತೆರೆಯುವ ಮೊದಲು ಒಂದು ಬಟ್ಟಲು ಬೇರೆ ತೆಗೆದಿಟ್ಟಳು.

"ತಾರೀಖು ಬರಿ," ಅಂದಳು. "ಉಪ್ಪು ಹಾಕಬಾರದು ಅಂತನೂ ಬರಿ."